ಟಿವಿ ಸುದ್ದಿ ಯಾಕೆ ಹೀಗಾಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದ ಸುದ್ದಿ ವಾಹಿನಿಯೊಂದರ ಡೆಸ್ಕ್‌ನಲ್ಲಿ ಏಳು ವರ್ಷ ಕೆಲಸ ಮಾಡಿ ಹೊರಬಂದವಳು ನಾನು. ಬಿಟ್ಟು ಬಹಳ ದಿನವಾಯಿತು. ಆದರೂ ಮದುವೆ ಊಟದ ಪಂಕ್ತಿಯಲ್ಲಿ, ರೈಲಿನಲ್ಲಿ, ಊರಿನ ಜಾತ್ರೆಯಲ್ಲಿ ಯಾರಾದರೂ "ನೀವು ಟಿವಿಯಲ್ಲಿ ಇದ್ದವರಲ್ವಾ" ಎಂದು ಗುರುತು ಹಿಡಿದರೆ ಮುಂದಿನ ಮಾತು ಈ ಪ್ರಶ್ನೆಗಳಿಗೇ ಬಂದು ನಿಲ್ಲುತ್ತದೆ. ಸಿಟ್ಟಿನಿಂದ ಕೇಳುವವರಿದ್ದಾರೆ, ನೊಂದು ಕೇಳುವವರೂ ಇದ್ದಾರೆ. ಅವರಿಗೆ ಕೊಟ್ಟ ಉತ್ತರಗಳನ್ನೂ ಆಗ ಕೊಡಲಾಗದೆ ಉಳಿದವನ್ನೂ ಇಲ್ಲಿ ಬರೆದಿದ್ದೇನೆ.

ಟಿವಿ ಸುದ್ದಿ ನಿಜಕ್ಕೂ ಕೆಟ್ಟಿದೆಯೇ? ಹಿಂದಿನದೆಲ್ಲ ಚೆನ್ನಾಗಿತ್ತು ಅನ್ನುವುದು ಬರೀ ಹಳಹಳಿಕೆಯಲ್ಲವೇ?

ಹಿಂದಿನದೆಲ್ಲ ಚಿನ್ನವಾಗಿತ್ತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದೂರದರ್ಶನ ದೆಹಲಿಯಲ್ಲಿ ಶುರುವಾದದ್ದು 1959ರಲ್ಲಿ, ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ. ಆ ಕಾಲದ ವಾರ್ತೆ ಶುದ್ಧ ಕನ್ನಡದಲ್ಲಿ, ತಣ್ಣಗಿನ ದನಿಯಲ್ಲಿ ಬರುತ್ತಿತ್ತು ನಿಜ. ಆದರೆ ಅದು ಸರ್ಕಾರದ ವಾರ್ತೆ. ಮಂತ್ರಿಗಳು ಎಲ್ಲಿ ಶಂಕುಸ್ಥಾಪನೆ ಮಾಡಿದರು ಅನ್ನುವುದು ಗೊತ್ತಾಗುತ್ತಿತ್ತು, ಆ ಕಟ್ಟಡ ಎದ್ದು ನಿಂತಿತೇ ಅನ್ನುವುದು ಗೊತ್ತಾಗುತ್ತಿರಲಿಲ್ಲ.

1995ರ ಫೆಬ್ರವರಿಯಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು: ತರಂಗಾಂತರಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಾಗಬಾರದು. ಕೆರೆಯ ನೀರು ಊರಿನವರದ್ದು ಅನ್ನುವ ಹಾಗೆ. ಖಾಸಗಿ ವಾಹಿನಿಗಳಿಗೆ ಆ ತೀರ್ಪು ಬಲ ತಂದಿತು. ಕನ್ನಡದಲ್ಲಿ ಉದಯ ಟಿವಿ 1994ರಲ್ಲೇ ಬಂದಿತ್ತು. ದಿನವಿಡೀ ಸುದ್ದಿ ಅನ್ನುವುದು ನಮ್ಮ ಮನೆಗಳಿಗೆ ರೂಢಿಯಾದದ್ದು 2006ರಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಬಂದ ಮೇಲೆ.

ಆ ಮೊದಲ ವರ್ಷಗಳನ್ನು ನಾನು ಹಗುರವಾಗಿ ಕಾಣಲಾರೆ. ತಾಲ್ಲೂಕು ಆಸ್ಪತ್ರೆಗೆ ಕ್ಯಾಮೆರಾ ಬಂತೆಂದರೆ ಅಂದು ವೈದ್ಯರೂ ಬರುತ್ತಿದ್ದರು. 2012ರ ಫೆಬ್ರವರಿ 7ರಂದು ವಿಧಾನಸಭೆಯ ಅಧಿವೇಶನ ನಡೆಯುತ್ತಿದ್ದಾಗಲೇ ಸಚಿವರು ಮೊಬೈಲ್‌ನಲ್ಲಿ ಅಶ್ಲೀಲ ವಿಡಿಯೊ ನೋಡುತ್ತಿದ್ದುದನ್ನು ಹಿಡಿದು ತೋರಿಸಿದ್ದು ಸುದ್ದಿ ವಾಹಿನಿಯ ಕ್ಯಾಮೆರಾ. ಮರುದಿನವೇ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಪತ್ರಿಕೆಯಲ್ಲಿ ಬರೆದಿದ್ದರೆ "ಸುಳ್ಳು" ಎಂದು ಸಲೀಸಾಗಿ ತಳ್ಳಿಹಾಕಬಹುದಿತ್ತು, ಚಿತ್ರವನ್ನು ತಳ್ಳಿಹಾಕಲು ಆಗಲಿಲ್ಲ. ಟಿವಿಯ ಶಕ್ತಿ ಇದು. ಈ ಶಕ್ತಿ ಇದ್ದೂ ಹೀಗಾಯಿತಲ್ಲ ಅನ್ನುವುದೇ ನನ್ನ ಸಂಕಟ.

ಹಾಗಾದರೆ ಎಲ್ಲಿ ಹಳ್ಳ ಹಿಡಿಯಿತು?

ಜಿಲ್ಲೆಗಳಲ್ಲಿ. ಬೆಂಗಳೂರಿನ ಸ್ಟುಡಿಯೋದಲ್ಲಿ ಏನು ಕೆಟ್ಟಿತು ಎಂದು ಎಲ್ಲರೂ ಹುಡುಕುತ್ತಾರೆ. ನನ್ನ ಪ್ರಕಾರ ಕೆಟ್ಟದ್ದು ಅದಕ್ಕೂ ಮೊದಲು, ಬೇರೆ ಕಡೆ.

ಲೆಕ್ಕ ಸರಳ. ರಾಯಚೂರಿನ ಕಾಲುವೆಯ ಕೊನೆ ಭಾಗಕ್ಕೆ ನೀರು ಬಂದಿಲ್ಲ ಎಂಬ ವರದಿ ಮಾಡಬೇಕೆಂದರೆ ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾಮನ್, ಒಂದು ವಾಹನ, ಎರಡು ದಿನ ಬೇಕು. ರೈತರನ್ನು ಮಾತಾಡಿಸಬೇಕು, ನೀರಾವರಿ ಇಲಾಖೆಯ ಎಂಜಿನಿಯರ್‌ಗಾಗಿ ಕಾಯಬೇಕು. ಇಷ್ಟಾದ ಮೇಲೆ ಸಿಗುವುದು ಮೂರು ನಿಮಿಷದ ಸುದ್ದಿ. ಅದೇ ಸಂಜೆ ಸ್ಟುಡಿಯೋದಲ್ಲಿ ಮೂರು ಪಕ್ಷಗಳ ವಕ್ತಾರರನ್ನು ಕೂರಿಸಿದರೆ ಒಂದು ಗಂಟೆ ತುಂಬುತ್ತದೆ. ವಕ್ತಾರರಿಗೆ ದುಡ್ಡು ಕೊಡಬೇಕಿಲ್ಲ, ಅವರೇ ಓಡಿ ಬರುತ್ತಾರೆ. ಮೇಲಾಗಿ ಜಗಳವೂ ಸಿಗುತ್ತದೆ. ಜಾಹೀರಾತಿನ ದುಡ್ಡಿನ ಮೇಲೇ ನಿಂತ ವಾಹಿನಿಗೆ ಕೇಬಲ್ ಜಾಲಗಳಲ್ಲಿ ಜಾಗ ಪಡೆಯುವುದಕ್ಕೂ ದುಡ್ಡು ಕಟ್ಟಬೇಕು. ಕನ್ನಡದ ಸಣ್ಣ ಜಾಹೀರಾತು ಮಾರುಕಟ್ಟೆಯನ್ನು ಹತ್ತಾರು ವಾಹಿನಿಗಳು ಹಂಚಿಕೊಳ್ಳಬೇಕಾಗಿ ಬಂದಾಗ ಮೊದಲು ಕತ್ತರಿ ಬಿದ್ದದ್ದು ದೂರದ ಊರಿನ ವರದಿಗಾರನ ಸಂಬಳಕ್ಕೆ.

ನಾನಿದ್ದ ಕಚೇರಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಸೇರಿದ ವರ್ಷ ಜಿಲ್ಲೆಗಳಿಂದ ದಿನಕ್ಕೆ ಬರುತ್ತಿದ್ದ ಸುದ್ದಿಗಳನ್ನು ಬಳಸಲು ಬುಲೆಟಿನ್‌ನಲ್ಲಿ ಜಾಗ ಸಾಲುತ್ತಿರಲಿಲ್ಲ. ಬಿಡುವ ಹೊತ್ತಿಗೆ ಎಷ್ಟೋ ಜಿಲ್ಲೆಗಳಲ್ಲಿ ಸ್ಟ್ರಿಂಜರ್‌ಗಳಷ್ಟೇ ಉಳಿದಿದ್ದರು. ಸ್ಟ್ರಿಂಜರ್ ಅಂದರೆ ಪ್ರಸಾರವಾದ ಸುದ್ದಿಗೆ ಇಷ್ಟು ಎಂದು ದುಡ್ಡು ಪಡೆಯುವವರು. ಪ್ರಸಾರವಾಗದಿದ್ದರೆ ಪೆಟ್ರೋಲ್ ಖರ್ಚೂ ಅವರದ್ದೇ. ಅಂಥವರಲ್ಲೊಬ್ಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಮೇಡಂ, ಅಪಘಾತದ ವಿಡಿಯೊ ಕಳಿಸಿದ್ದೀನಿ, ಇದಾದ್ರೂ ಹೋಗುತ್ತಾ? ಶಾಲೆ ಬಿದ್ದದ್ದು ನಾಲ್ಕು ದಿನದಿಂದ ಹೋಗಿಲ್ಲ" ಎಂದಿದ್ದರು. ಅಪಘಾತ ಹೋಯಿತು, ಶಾಲೆ ಹೋಗಲಿಲ್ಲ. ಆಮೇಲೆ ಅವರು ಶಾಲೆಯ ಸುದ್ದಿ ಕಳಿಸುವುದನ್ನೇ ಬಿಟ್ಟರು. ತಪ್ಪು ಅವರದ್ದೇ?

ಟಿಆರ್‌ಪಿ ಅಂದರೇನು? ನಮ್ಮ ಮನೆಗೆ ಯಾರೂ ಬಂದು ಕೇಳಿಲ್ಲವಲ್ಲ!

ಯಾವ ವಾಹಿನಿಯನ್ನು ಎಷ್ಟು ಮಂದಿ ನೋಡುತ್ತಾರೆ ಅನ್ನುವ ಅಂದಾಜಿನ ಅಂಕಿ ಅದು. ನಿಮ್ಮ ಮನೆಗೆ ಬಂದು ಕೇಳುವ ಸಾಧ್ಯತೆಯೂ ತೀರಾ ಕಡಿಮೆ. ಬಾರ್ಕ್ ಅನ್ನುವ ಸಂಸ್ಥೆ ದೇಶದಾದ್ಯಂತ ಆಯ್ದ ಕೆಲವು ಮನೆಗಳಲ್ಲಿ ಮೀಟರ್ ಇಡುತ್ತದೆ. ವಾಹಿನಿಯ ದನಿಯೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿರುತ್ತದೆ. ಮೀಟರ್ ಅದನ್ನು ಹಿಡಿದು ಆ ಮನೆಯಲ್ಲಿ ಯಾವ ವಾಹಿನಿ ಓಡುತ್ತಿದೆ ಎಂದು ದಾಖಲಿಸುತ್ತದೆ. 2020ರಲ್ಲಿ ದೇಶದಲ್ಲಿ ಸುಮಾರು 21 ಕೋಟಿ ಮನೆಗಳಲ್ಲಿ ಟಿವಿ ಇದ್ದರೆ ಮೀಟರ್ ಇದ್ದದ್ದು ಸುಮಾರು 44,000 ಮನೆಗಳಲ್ಲಿ. ಅಂದರೆ ಒಂದು ಮನೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮನೆಗಳ ಪರವಾಗಿ ಮಾತಾಡುತ್ತದೆ. ಧಾರಾವಾಹಿಗಳಿಗೆ ಹೋಲಿಸಿದರೆ ಸುದ್ದಿ ನೋಡುವವರು ಕಡಿಮೆ. ಹಾಗಾಗಿ ಕೆಲವೇ ಮನೆಗಳು ಆಚೀಚೆಯಾದರೂ ಸುದ್ದಿ ವಾಹಿನಿಗಳ ಸ್ಥಾನ ಮೇಲೆ ಕೆಳಗೆ ಆಗುತ್ತದೆ.

2020ರ ಅಕ್ಟೋಬರ್‌ನಲ್ಲಿ ಮೀಟರ್ ಇರುವ ಮನೆಗಳಿಗೆ ದುಡ್ಡು ಕೊಟ್ಟು ತಮ್ಮ ವಾಹಿನಿಯನ್ನೇ ಹಚ್ಚಿಡುವಂತೆ ಮಾಡಿದ್ದಾರೆಂದು ಮುಂಬೈ ಪೊಲೀಸರು ಪ್ರಕರಣ ದಾಖಲಿಸಿದರು. ಆ ಪ್ರಕರಣವನ್ನು ಮಹಾರಾಷ್ಟ್ರ ಸರ್ಕಾರ ಮುಂದೆ ಹಿಂಪಡೆಯಿತು, ಯಾರ ಅಪರಾಧವೂ ಸಾಬೀತಾಗಲಿಲ್ಲ. ಆದರೆ ಅದೇ ತಿಂಗಳಿಂದ 2022ರ ಮಾರ್ಚ್‌ವರೆಗೆ ಸುದ್ದಿ ವಾಹಿನಿಗಳ ರೇಟಿಂಗ್ ಪ್ರಕಟಣೆಯೇ ನಿಂತಿತ್ತು.

ಪ್ರತಿ ಗುರುವಾರ ಅಂಕಿ ಬರುವ ಹೊತ್ತಿಗೆ ಸುದ್ದಿಮನೆಯಲ್ಲಿ ಹೇಗಿರುತ್ತಿತ್ತು ಅಂದರೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ ಮನೆಯ ಹಾಗೆ. ಯಾವ ಅರ್ಧ ಗಂಟೆ ಏರಿತು, ಯಾವುದು ಬಿತ್ತು ಎಂದು ಗೆರೆ ಎಳೆದು ತೋರಿಸುತ್ತಿದ್ದರು. ಹಾವಿನ ಸುದ್ದಿ ಏರಿತ್ತು, ಬರದ ಸುದ್ದಿ ಬಿದ್ದಿತ್ತು. ಮುಂದಿನ ವಾರ ಏನು ಮಾಡಬೇಕೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಪಕ್ಷಪಾತ ಅಂದರೆ ಒಂದು ರಾಜಕೀಯ ಪಕ್ಷದ ಪರ ವಹಿಸುವುದು ತಾನೇ?

ಅದು ಕಣ್ಣಿಗೆ ಬೀಳುವ ಬಗೆ. ಕಣ್ಣಿಗೆ ಬೀಳದ ಬಗೆಯೇ ನನ್ನನ್ನು ಹೆಚ್ಚು ಕಾಡುತ್ತದೆ: ಯಾವುದನ್ನು ತೋರಿಸುವುದು, ಎಲ್ಲಿಗೆ ನಿಲ್ಲಿಸುವುದು ಅನ್ನುವುದರಲ್ಲಿ ಇರುವ ಪಕ್ಷಪಾತ.

2024ರ ಏಪ್ರಿಲ್ 3ರ ಸಂಜೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಮಗುವೊಂದು ಕೊಳವೆಬಾವಿಗೆ ಬಿತ್ತು. ಸುಮಾರು ಇಪ್ಪತ್ತು ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರಬಂತು. ಇಡೀ ರಾಜ್ಯ ಟಿವಿ ಮುಂದೆ ಕೂತು ಹರಕೆ ಹೊತ್ತಿತ್ತು. ನಾನೂ ಕೂತಿದ್ದೆ, ಮಗು ಹೊರಬಂದಾಗ ಅತ್ತೆ. ಆ ನೇರ ಪ್ರಸಾರ ತಪ್ಪು ಎಂದು ನಾನು ಹೇಳುವುದಿಲ್ಲ.

ಮುಂದಿನದನ್ನು ನೋಡಿ. ಬಳಸದ ಕೊಳವೆಬಾವಿಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟ ಮಾರ್ಗಸೂಚಿ ಕೊಟ್ಟಿದೆ. ಕೊರೆಯುವ ಹದಿನೈದು ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ಬೇಲಿ ಹಾಕಬೇಕು, ಬಾಯಿಗೆ ಉಕ್ಕಿನ ಮುಚ್ಚಳ ಹಾಕಬೇಕು, ಕೈಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲು ತುಂಬಿ ನೆಲಮಟ್ಟದವರೆಗೆ ಮುಚ್ಚಬೇಕು. 2006ರಲ್ಲಿ ಹರಿಯಾಣದ ಕುರುಕ್ಷೇತ್ರದ ಹುಡುಗನ ರಕ್ಷಣೆಯನ್ನು ದೇಶವೆಲ್ಲ ಎರಡು ದಿನ ನೇರ ನೋಡಿದ್ದು ನೆನಪಿರಬಹುದು. ಅಂದಿನಿಂದ ಇಂದಿನವರೆಗೆ ಇಂಥ ಪ್ರತಿ ಘಟನೆಯಲ್ಲೂ ಕ್ಯಾಮೆರಾ ಬಂದಿದೆ. ಮಗು ಹೊರಬಂದ ಮರುದಿನ ನೇರ ಪ್ರಸಾರದ ಅದೇ ಓಬಿ ವ್ಯಾನ್ ಪಕ್ಕದ ಗ್ರಾಮ ಪಂಚಾಯಿತಿಗೆ ಹೋಗಿ, "ನಿಮ್ಮ ವ್ಯಾಪ್ತಿಯಲ್ಲಿ ತೆರೆದ ಕೊಳವೆಬಾವಿ ಎಷ್ಟಿವೆ, ಪಟ್ಟಿ ತೋರಿಸಿ" ಎಂದು ಕೇಳಿದ್ದರೆ ಅದೂ ಸುದ್ದಿಯೇ. ಆ ಹೊತ್ತಿಗೆ ವ್ಯಾನ್ ಬೆಂಗಳೂರಿನತ್ತ ತಿರುಗಿರುತ್ತದೆ. ಬಿದ್ದ ಮಗು ಸುದ್ದಿ, ಬೀಳದಂತೆ ಮಾಡುವುದು ಸುದ್ದಿಯಲ್ಲ ಎಂದು ನಿರ್ಧಾರವಾಗಿಬಿಟ್ಟಿದೆ. ಇದರ ಲಾಭ ಯಾವ ಪಕ್ಷಕ್ಕೂ ಇಲ್ಲ, ನಷ್ಟ ಮಾತ್ರ ಬೋರು ಕೊರೆಸಿ ನೀರು ಸಿಗದೆ ಸೋತ ಊರುಗಳ ಮಕ್ಕಳಿಗೆ.

ಕನ್ನಡ ವಾಹಿನಿಗಳ ಹಿಂದೆ ಇರುವವರು ಯಾರು?

ಇದು ಗುಟ್ಟೇನಲ್ಲ, ಆದರೆ ಪರದೆಯ ಮೇಲೆ ಎಂದೂ ಬರೆದಿರುವುದಿಲ್ಲ. ಕಸ್ತೂರಿ ವಾಹಿನಿಯನ್ನು ಕಟ್ಟಿದ್ದು ಎಚ್.ಡಿ. ಕುಮಾರಸ್ವಾಮಿಯವರ ಕುಟುಂಬ. ಸುವರ್ಣ ನ್ಯೂಸ್ ಬಿಜೆಪಿಯ ರಾಜೀವ್ ಚಂದ್ರಶೇಖರ್ ಸ್ಥಾಪಿಸಿದ ಜುಪಿಟರ್ ಕ್ಯಾಪಿಟಲ್ ಗುಂಪಿನದು. ಜನಶ್ರೀ ಬಳ್ಳಾರಿಯ ಗಣಿ ರಾಜಕಾರಣದ ನಂಟಿನಿಂದ ಬಂತು. ದಿಗ್ವಿಜಯ ನ್ಯೂಸ್ ಆರಂಭಿಸಿದ ವಿಜಯ ಸಂಕೇಶ್ವರ ಸಂಸದರಾಗಿದ್ದವರು. ಉದಯ ಸಮೂಹ ಚೆನ್ನೈನ ಮಾರನ್ ಕುಟುಂಬದ್ದು, ಆ ಮನೆಯಿಂದ ಕೇಂದ್ರ ಸಚಿವರಾದವರಿದ್ದಾರೆ. ಅವರ ಉದಯ ನ್ಯೂಸ್ 2017ರಲ್ಲಿ ಮುಚ್ಚಿತು. ನ್ಯೂಸ್18 ಕನ್ನಡ ಸೇರಿರುವ ನೆಟ್‌ವರ್ಕ್18 ಸಮೂಹ 2014ರಲ್ಲಿ ರಿಲಯನ್ಸ್ ತೆಕ್ಕೆಗೆ ಹೋಯಿತು. ದೇಶದ ಮಟ್ಟದಲ್ಲಿ 2022ರ ಕೊನೆಗೆ ಎನ್‌ಡಿಟಿವಿ ಅದಾನಿ ಸಮೂಹದ ಪಾಲಾಯಿತು.

ಮಾಲೀಕರು ರಾಜಕಾರಣಿಗಳಾದ ಮಾತ್ರಕ್ಕೆ ಅಲ್ಲಿನ ಪ್ರತಿ ಸುದ್ದಿಯೂ ಸುಳ್ಳಾಗುವುದಿಲ್ಲ. ನನ್ನ ಗೆಳೆಯರು ಇಂಥ ಹಲವು ಕಡೆ ಮರ್ಯಾದೆಯಿಂದ ಕೆಲಸ ಮಾಡಿದ್ದಾರೆ. ಆದರೆ ಗಣಿ, ರಿಯಲ್ ಎಸ್ಟೇಟ್, ಸಾರಿಗೆ, ಶಿಕ್ಷಣ ಸಂಸ್ಥೆಗಳಲ್ಲಿ ಹಣ ಹೂಡಿದವರಿಗೆ ಸರ್ಕಾರದ ಬಳಿ ದಿನನಿತ್ಯದ ಕೆಲಸ ಇರುತ್ತದೆ. ಸುದ್ದಿಯಿಂದ ನಷ್ಟವಾದರೂ ವಾಹಿನಿಯನ್ನು ಯಾಕೆ ಇಟ್ಟುಕೊಂಡಿರುತ್ತಾರೆ ಎಂದು ಒಮ್ಮೆ ಯೋಚಿಸಿ.

ಮಾಲೀಕರು ಫೋನ್ ಮಾಡಿ "ಹೀಗೇ ಹೇಳಿ" ಅನ್ನುತ್ತಾರಾ?

ಏಳು ವರ್ಷದಲ್ಲಿ ನನಗೆ ಅಂಥ ಫೋನ್ ಒಂದೂ ಬಂದಿಲ್ಲ. ಬರಬೇಕಾಗಿಯೂ ಇರಲಿಲ್ಲ. ಯಾವ ಹೆಸರು ಬಂದಾಗ ಮುಖ್ಯಸ್ಥರ ಮುಖ ಬಿಗಿಯಾಗುತ್ತದೆ ಎಂದು ಸೇರಿದ ಮೂರು ತಿಂಗಳಲ್ಲಿ ಗೊತ್ತಾಗುತ್ತದೆ. ಆಮೇಲೆ ನಮ್ಮ ಕೈಯೇ ಹಿಂದೆ ಸರಿಯುತ್ತದೆ.

ಕೊರೊನಾ ಸಮಯದ ತಬ್ಲೀಗ್ ಸುದ್ದಿಗಳ ಬಗ್ಗೆ ಏನು ಹೇಳುತ್ತೀರಿ?

ಈ ಪ್ರಶ್ನೆಗೆ ಮೆಲ್ಲಗೆ ಉತ್ತರಿಸಲು ನನ್ನಿಂದಾಗುವುದಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ದೆಹಲಿಯ ನಿಜಾಮುದ್ದೀನ್‌ನಲ್ಲಿ ತಬ್ಲೀಗ್ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಭೆಗೆ ಸೇರಿದ್ದವರಲ್ಲಿ ಸೋಂಕು ಕಂಡುಬಂತು. ಅದನ್ನು ವರದಿ ಮಾಡಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಆದರೆ ಹಲವು ವಾಹಿನಿಗಳು ಒಂದು ರೋಗವನ್ನು ಒಂದು ಸಮುದಾಯದ ಸಂಚು ಎಂಬಂತೆ ದಿನಗಟ್ಟಲೆ ಬಿಂಬಿಸಿದವು. ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತಿದ್ದ ಜನಕ್ಕೆ ಹೊರಜಗತ್ತಿಗೆ ಇದ್ದ ಕಿಟಕಿ ಟಿವಿಯೊಂದೇ. ಆ ಕಿಟಕಿಯಲ್ಲಿ ಅವರಿಗೆ ತೋರಿಸಿದ್ದು ಪಕ್ಕದ ಬೀದಿಯ ತರಕಾರಿ ಗಾಡಿಯವನನ್ನು, ಭಯಪಡಬೇಕಾದ ಮನುಷ್ಯನನ್ನಾಗಿ. ಮುಸ್ಲಿಮರ ಜೊತೆ ಬೆರೆತರೆ ದಂಡ ಎಂದು ರಾಮನಗರ ಜಿಲ್ಲೆಯ ಹಳ್ಳಿಯೊಂದರಲ್ಲಿ ಸಾರಿದ ವಿಡಿಯೊ ಆಗ ಹರಿದಾಡಿತ್ತು.

2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗ್‌ಗೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿತು. ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ, ಮಾಧ್ಯಮಗಳಲ್ಲಿ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆಯಿತು ಎಂದಿತು. ಕನ್ನಡದ ವಿಷಯಕ್ಕೆ ಬಂದರೆ, ಬೆಂಗಳೂರಿನ ನಾಗರಿಕ ಗುಂಪೊಂದು ಪಟ್ಟು ಬಿಡದೆ ದೂರು ಕೊಟ್ಟಿತು. 2021ರ ಜೂನ್‌ನಲ್ಲಿ ವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರವಾದ ಎನ್‌ಬಿಎಸ್ಎ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50,000 ರೂಪಾಯಿ ದಂಡ ಹಾಕಿತು. ನ್ಯೂಸ್18 ಕನ್ನಡ ಕ್ಷಮೆಯನ್ನೂ ಪ್ರಸಾರ ಮಾಡಬೇಕೆಂದು ಆದೇಶಿಸಿತು.

ಆ ಹೊತ್ತಿಗೆ ಹದಿನಾಲ್ಕು ತಿಂಗಳು ಕಳೆದಿತ್ತು. ಗಾಡಿಯವನ ಆ ಬೇಸಿಗೆಯ ವ್ಯಾಪಾರ ಮರಳಿ ಬರಲಿಲ್ಲ. ಆ ಸುದ್ದಿಗಳನ್ನು ನೋಡಿ ನಂಬಿದ ನನ್ನ ಸ್ವಂತ ಬಂಧುಗಳಿಗೆ ದಂಡ ಬಿದ್ದ ವಿಷಯ ಇವತ್ತಿಗೂ ಗೊತ್ತಿಲ್ಲ.

ಆರೋಪಿಯ ಮನೆ ಮುಂದೆ ದಿನವಿಡೀ ನೇರ ಪ್ರಸಾರ ಮಾಡುವುದು ಸರಿಯೇ?

ಅಪರಾಧ ಸುದ್ದಿ ಬೇಕು. ಪೊಲೀಸರು ಮುಚ್ಚಿಹಾಕಿದ್ದನ್ನು ತೆಗೆದು ತೋರಿಸಿದ ಅಪರಾಧ ವರದಿಗಾರರ ಋಣ ನಮ್ಮ ಮೇಲಿದೆ. ಆದರೆ ತನಿಖೆ, ವಿಚಾರಣೆ, ತೀರ್ಪು ಮೂರನ್ನೂ ಒಬ್ಬ ಆಂಕರ್ ಒಂದೇ ಸಂಜೆ ಮುಗಿಸಿದರೆ ಏನಾಗುತ್ತದೆ ಅನ್ನುವುದಕ್ಕೆ 2007ರ ದೆಹಲಿಯ ಘಟನೆಯೊಂದೇ ಸಾಕು. ವಾಹಿನಿಯೊಂದು ಕುಟುಕು ಕಾರ್ಯಾಚರಣೆಯ ಹೆಸರಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ವಿದ್ಯಾರ್ಥಿನಿಯರನ್ನು ವೇಶ್ಯಾವಾಟಿಕೆಗೆ ತಳ್ಳುತ್ತಿದ್ದಾರೆಂದು ತೋರಿಸಿತು. ಜನ ಶಾಲೆಗೆ ನುಗ್ಗಿ ಆಕೆಯನ್ನು ಹೊಡೆದರು, ಬಟ್ಟೆ ಹರಿದರು. ಆಮೇಲೆ ಆ ವಿಡಿಯೊವೇ ಕಟ್ಟುಕತೆ ಎಂದು ಗೊತ್ತಾಯಿತು. ವಾಹಿನಿಗೆ ಸಿಕ್ಕಿದ್ದು ಒಂದು ತಿಂಗಳ ನಿಷೇಧ.

ಹಿಂದಿ ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಪ್ರಸಾರದ ಬಗ್ಗೆ ಬಾಂಬೆ ಹೈಕೋರ್ಟ್ 2021ರ ಜನವರಿಯಲ್ಲಿ ವಿವರವಾದ ತೀರ್ಪು ಕೊಟ್ಟಿತು. ಆತ್ಮಹತ್ಯೆ ಮಾಡಿಕೊಂಡವರನ್ನು ದುರ್ಬಲರೆಂದು ಬಿಂಬಿಸಬೇಡಿ, ಆರೋಪಿಯ ಚಾರಿತ್ರ್ಯವಧೆ ಮಾಡಬೇಡಿ, ಘಟನೆಯನ್ನು ಮರುಸೃಷ್ಟಿಸಿ ತೋರಿಸಬೇಡಿ ಎಂದು ವಿವರವಾಗಿ ತಿಳಿಸಿತು. ಕನ್ನಡದಲ್ಲಿ 2024ರ ಜೂನ್‌ನಲ್ಲಿ ನಟ ದರ್ಶನ್ ಬಂಧನವಾದಾಗ ಏನು ನಡೆಯಿತು ಎಂದು ನೀವೇ ನೋಡಿದ್ದೀರಿ. ಒಬ್ಬ ಮನುಷ್ಯನ ಕೊಲೆಯಾಗಿತ್ತು, ಅದು ದೊಡ್ಡ ಸುದ್ದಿಯೇ. ಆದರೆ ಆರೋಪಿಗಳು ಏನು ತಿಂದರು, ಹೇಗೆ ಮಲಗಿದರು ಅನ್ನುವುದು ಗಂಟೆಗಟ್ಟಲೆ ಓಡಿತು. ಅದೇ ತಿಂಗಳು ನೀಟ್ ಪರೀಕ್ಷೆಯ ಅಕ್ರಮದಿಂದ ಲಕ್ಷಾಂತರ ಮಕ್ಕಳ ಮನೆಗಳಲ್ಲಿ ನಿದ್ದೆ ಇರಲಿಲ್ಲ. ರಾಜ್ಯ ಸರ್ಕಾರ ಪೆಟ್ರೋಲ್ ಮೇಲೆ ಲೀಟರಿಗೆ ಸುಮಾರು 3 ರೂಪಾಯಿ ಏರಿಸಿತ್ತು.

ಯುದ್ಧದ ಸಮಯದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆದರೆ ದೇಶಪ್ರೇಮ ಎಂದುಕೊಳ್ಳಬಾರದೇ?

ಬಾರದು. ಪಾಕಿಸ್ತಾನದ ಜೊತೆ ಸಂಘರ್ಷ ನಡೆಯುತ್ತಿದ್ದ 2025ರ ಮೇ 8ರ ರಾತ್ರಿ ಹಲವು ವಾಹಿನಿಗಳು ಕರಾಚಿ ಬಂದರು ಧ್ವಂಸವಾಯಿತು, ಇಸ್ಲಾಮಾಬಾದ್ ನಮ್ಮ ವಶವಾಯಿತು ಎಂದೆಲ್ಲ ಹೇಳಿದವು. ಯಾವುದೂ ನಡೆದಿರಲಿಲ್ಲ. ಸ್ಟುಡಿಯೋದಲ್ಲಿ ಸೈರನ್ ಸದ್ದು ಹಾಕಿ ಹಾಕಿ, ನಿಜವಾದ ಸೈರನ್ ಕೂಗಿದರೆ ಜನ ನಿರ್ಲಕ್ಷಿಸಿಯಾರು, ಅದನ್ನು ಬಳಸಬೇಡಿ ಎಂದು ನಾಗರಿಕ ರಕ್ಷಣಾ ಇಲಾಖೆಯೇ ಮೇ 10ರಂದು ಸೂಚನೆ ಕೊಡಬೇಕಾಯಿತು. ಜಮ್ಮು-ಕಾಶ್ಮೀರದ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ದಾಳಿಗೆ ಬಲಿಯಾದ ಮದರಸಾ ಶಿಕ್ಷಕರೊಬ್ಬರನ್ನು ಕೆಲವು ವಾಹಿನಿಗಳು ಭಯೋತ್ಪಾದಕ ಎಂದು ತೋರಿಸಿದವು. ಅದು ಸುಳ್ಳು ಎಂದು ಪೂಂಛ್ ಪೊಲೀಸರೇ ಹೇಳಿದರು. ನಮ್ಮ ದೇಶದ ಪ್ರಜೆ, ಶತ್ರುವಿನ ಗುಂಡಿಗೆ ಸತ್ತವರು, ಅವರ ಮನೆಯವರು ಅಳುತ್ತಾ ಕೂತಿರುವಾಗ ನಮ್ಮದೇ ಟಿವಿ ಅವರನ್ನು ಹಾಗೆ ಕರೆಯಿತು.

ಕೊಡಗಿನಲ್ಲಿ, ಬೆಳಗಾವಿಯಲ್ಲಿ ಗಡಿಯಲ್ಲಿರುವ ಮಗನಿಗಾಗಿ ಆ ರಾತ್ರಿ ಟಿವಿ ಹಚ್ಚಿ ಕೂತ ತಾಯಂದಿರಿದ್ದರು. ಅವರಿಗೆ ಸಲ್ಲಬೇಕಾದದ್ದು ನಿಜವಾದ ಮಾಹಿತಿ.

ಬೆಳಗಿನ ಜ್ಯೋತಿಷ್ಯ ಕಾರ್ಯಕ್ರಮಗಳಿಗೆ ಕಾನೂನಿನಲ್ಲಿ ಅವಕಾಶವಿದೆಯೇ?

ಕೇಬಲ್ ಟಿವಿ ನಿಯಮಗಳ 6ನೇ ನಿಯಮದಲ್ಲಿ ಕಾರ್ಯಕ್ರಮ ಸಂಹಿತೆ ಇದೆ. ಮೂಢನಂಬಿಕೆ ಅಥವಾ ಕುರುಡು ನಂಬಿಕೆಗೆ ಪ್ರೋತ್ಸಾಹ ಕೊಡುವ ಯಾವುದನ್ನೂ ಪ್ರಸಾರ ಮಾಡುವಂತಿಲ್ಲ ಎಂದು ಅದರಲ್ಲಿ ನೇರವಾಗಿ ಬರೆದಿದೆ. ಆದರೂ ಗ್ರಹಣ ಬಂದರೆ ಯಾವ ರಾಶಿಗೆ ಏನು ಕಾದಿದೆ ಎಂದು ದಿನವಿಡೀ ಹೆದರಿಸುತ್ತಾರೆ. ನಾನಿದ್ದಲ್ಲಿ ಆ ಅರ್ಧ ಗಂಟೆಯನ್ನು ಮಾರಿರುತ್ತಿದ್ದರು, ಕೊಂಡವರು ಬಂದು ಕೂರುತ್ತಿದ್ದರು. ಸುದ್ದಿ ಓದುವ ಅದೇ ಮೇಜು, ಅದೇ ಲೋಗೊ. ನೋಡುವ ಅಜ್ಜಿಗೆ ಇದು ಸುದ್ದಿ, ಇದು ಮಾರಾಟದ್ದು ಎಂದು ಹೇಗೆ ತಿಳಿಯಬೇಕು?

ಹಾಗಾದರೆ ಸರ್ಕಾರವೇ ಕಡಿವಾಣ ಹಾಕಬೇಕಲ್ಲವೇ?

ಸಿಟ್ಟಿನ ಭರದಲ್ಲಿ ನಾನೂ ಹಾಗೆ ಅಂದುಕೊಂಡಿದ್ದೆ. ಆದರೆ ಕಡಿವಾಣ ಸಿಕ್ಕಾಗ ಅಧಿಕಾರದಲ್ಲಿರುವವರು ಅದನ್ನು ಯಾರ ಬಾಯಿಗೆ ಹಾಕುತ್ತಾರೆ ಎಂದು ನೋಡಿ. 2019ರ ಅಕ್ಟೋಬರ್‌ನಲ್ಲಿ ವಿಧಾನಸಭೆಯೊಳಗೆ ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೆ ನಿರ್ಬಂಧ ಬಂತು. 2012ರಲ್ಲಿ ಸಚಿವರನ್ನು ಹಿಡಿದದ್ದು ಅಂಥ ಕ್ಯಾಮೆರಾವೇ ಎಂಬುದನ್ನು ಮರೆಯಬೇಡಿ. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಸಚಿವರು ತಮ್ಮ ವಿರುದ್ಧ ಮಾನಹಾನಿಕರ ಸುದ್ದಿ ಬರದಂತೆ ಹತ್ತಾರು ಮಾಧ್ಯಮಗಳ ಮೇಲೆ ಮೊದಲೇ ತಡೆಯಾಜ್ಞೆ ತಂದರು. ಆಗ ಇದ್ದದ್ದು ಬಿಜೆಪಿ ಸರ್ಕಾರ. ಕಾಂಗ್ರೆಸ್ ಸರ್ಕಾರವಿದ್ದ 2024ರಲ್ಲಿ ಕನ್ನಡದ ಪವರ್ ಟಿವಿ ವಾಹಿನಿಯ ಪ್ರಸಾರವು ಪರವಾನಗಿಯ ಕಾರಣಕ್ಕೆ ನಿಂತಾಗ, ಇದರಲ್ಲಿ ರಾಜಕೀಯ ದ್ವೇಷ ಕಾಣುತ್ತಿದೆ ಎಂದು ಸುಪ್ರೀಂ ಕೋರ್ಟ್ ಜುಲೈನಲ್ಲಿ ಪ್ರಸಾರ ನಿಲ್ಲಿಸಿದ ಆದೇಶಕ್ಕೆ ತಡೆ ಕೊಟ್ಟಿತು. ಕೇಂದ್ರ ಸರ್ಕಾರ ಭದ್ರತೆಯ ಹೆಸರಿನಲ್ಲಿ ಮಲಯಾಳಂನ ಮೀಡಿಯಾ ಒನ್ ವಾಹಿನಿಯನ್ನು ನಿಲ್ಲಿಸಿದ್ದನ್ನು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಪತ್ರಿಕಾ ಸ್ವಾತಂತ್ರ್ಯದ ಜಾಗತಿಕ ಸೂಚ್ಯಂಕದಲ್ಲಿ 2025ರಲ್ಲಿ ಭಾರತ 180 ದೇಶಗಳ ಪೈಕಿ 151ನೇ ಸ್ಥಾನದಲ್ಲಿತ್ತು. ಕೆಟ್ಟ ಸುದ್ದಿ ವಾಹಿನಿಗೆ ಮದ್ದು ಸರ್ಕಾರದ ಕತ್ತರಿ ಎಂದು ನನಗೀಗ ಅನ್ನಿಸುವುದಿಲ್ಲ. ಮಾಲೀಕತ್ವ ಬಹಿರಂಗವಾಗಲಿ, ಸರ್ಕಾರಿ ಜಾಹೀರಾತು ಯಾರಿಗೆ ಎಷ್ಟು ಹೋಯಿತೆಂದು ಪ್ರತಿ ತಿಂಗಳು ಪ್ರಕಟವಾಗಲಿ, ಅಲ್ಲಿಂದ ಶುರುವಾಗಬೇಕು.

ಸಾಮಾನ್ಯ ವೀಕ್ಷಕರು ದೂರು ಕೊಡುವುದು ಹೇಗೆ?

ಕೊಡಬಹುದು, ಅದಕ್ಕೆ ವಕೀಲರು ಬೇಕಿಲ್ಲ. ಮೊದಲು ವಾಹಿನಿಗೇ ಬರೆಯಬೇಕು. ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ, ಯಾವ ಮಾತು ಅಥವಾ ಪರದೆಯ ಮೇಲಿನ ಯಾವ ಅಕ್ಷರಪಟ್ಟಿ ತಪ್ಪು ಅನ್ನುವುದನ್ನು ಬರೆಯಿರಿ. "ನಿಮ್ಮ ಚಾನೆಲ್ ಕೆಟ್ಟದ್ದು" ಎಂದು ಬರೆದರೆ ಅದು ಕಸದ ಬುಟ್ಟಿಗೆ ಹೋಗುತ್ತದೆ. ಪ್ರಸಾರವಾದ ಒಂದು ವಾರದೊಳಗೆ ಬರೆದರೆ ಒಳ್ಳೆಯದು. ವಾಹಿನಿಗಳು 90 ದಿನ ತಮ್ಮ ಪ್ರಸಾರದ ದಾಖಲೆ ಇಟ್ಟುಕೊಳ್ಳಬೇಕು, ಆದರೂ ನೀವು ಮೊಬೈಲ್‌ನಲ್ಲಿ ಒಂದು ತುಣುಕು ಹಿಡಿದಿಟ್ಟುಕೊಳ್ಳಿ. 2021ರ ನಿಯಮದ ಪ್ರಕಾರ ವಾಹಿನಿ 24 ಗಂಟೆಯಲ್ಲಿ ಸ್ವೀಕೃತಿ ಕಳಿಸಿ, 15 ದಿನದಲ್ಲಿ ಉತ್ತರ ಕೊಡಬೇಕು. ತೃಪ್ತಿಯಾಗದಿದ್ದರೆ ಮುಂದಿನ 15 ದಿನದೊಳಗೆ ಆ ವಾಹಿನಿ ಸದಸ್ಯತ್ವ ಹೊಂದಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ದೊಡ್ಡ ವಾಹಿನಿಗಳಲ್ಲಿ ಹಲವು ಎನ್‌ಬಿಡಿಎಸ್ಎ ಅಡಿಯಲ್ಲಿವೆ, ಎನ್‌ಬಿಎಸ್ಎಯ ಈಗಿನ ಹೆಸರು ಅದು. ಅದರ ಮೇಲೆ ಮೂರನೇ ಹಂತ ವಾರ್ತಾ ಮತ್ತು ಪ್ರಸಾರ ಸಚಿವಾಲಯ.

2023ರಲ್ಲಿ ದಂಡದ ಮಿತಿ 1 ಲಕ್ಷ ರೂಪಾಯಿ ಇತ್ತು. ಇಷ್ಟು ಸಣ್ಣ ದಂಡದಿಂದ ಏನು ಪ್ರಯೋಜನ ಎಂದು ಆಗ ಸುಪ್ರೀಂ ಕೋರ್ಟೇ ಕೇಳಿತ್ತು. ಆದರೂ ಬರೆಯಿರಿ. ನಾನು ಡೆಸ್ಕ್‌ನಲ್ಲಿದ್ದಾಗ ದಿನಾಂಕ, ಸಮಯ ಹಾಕಿ ಬರೆದ ಒಂದೇ ಒಂದು ಪತ್ರದಿಂದ ಪೂರ್ತಿ ಕಾರ್ಯಕ್ರಮದ ಸ್ಕ್ರಿಪ್ಟನ್ನು ಮತ್ತೆ ತೆಗೆಸಿ ಓದಿದ್ದನ್ನು ಕಂಡಿದ್ದೇನೆ.

ಟಿವಿ ಬಿಟ್ಟು ಯೂಟ್ಯೂಬ್ ನೋಡಿದರೆ ಆಯಿತಲ್ಲ?

ಯೂಟ್ಯೂಬ್‌ನಲ್ಲಿ ಒಳ್ಳೆಯ ಕೆಲಸ ಮಾಡುವವರಿದ್ದಾರೆ, ಅವರಲ್ಲಿ ಹಲವರು ಟಿವಿಯಿಂದಲೇ ಹೊರಬಂದವರು. ಆದರೆ ಅಲ್ಲಿಯೂ ಹೆಚ್ಚಿನದು ಕೋಣೆಯಲ್ಲಿ ಕೂತು ಆಡುವ ಮಾತೇ. ಗುರುವಾರದ ಬದಲು ಪ್ರತಿ ಗಂಟೆ ಅಂಕಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಸ್ಥಳಕ್ಕೆ ಹೋಗಿ ಬಂದು ಹೇಳುವವರು ಸಿಕ್ಕರೆ ಅವರಿಗೆ ದುಡ್ಡು ಕೊಟ್ಟಾದರೂ ನೋಡಿ.

ಹಾಗಾದರೆ ವರದಿಗಾರರಲ್ಲಿ ಒಳ್ಳೆಯವರೇ ಇಲ್ಲವೇ?

ದಯವಿಟ್ಟು ಹಾಗೆ ಹೇಳಬೇಡಿ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ಮಂದಿ ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಸರ್ಕಾರ ಹೇಳಿತು. ಆಸ್ಪತ್ರೆಯ ಗೇಟಿನ ಮುಂದೆ ಮೈಕ್ ಹಿಡಿದು ನಿಂತ ವರದಿಗಾರರು ಸತ್ತವರ ಹೆಂಡತಿ ಮಕ್ಕಳ ಮಾತನ್ನು ರಾಜ್ಯಕ್ಕೆ ಕೇಳಿಸಿದರು. ಸರ್ಕಾರದ ಆ ಲೆಕ್ಕವನ್ನು ಹೈಕೋರ್ಟ್ ನೇಮಿಸಿದ ಸಮಿತಿ ಒಪ್ಪಲಿಲ್ಲ. ಆ ದಿನಗಳಲ್ಲಿ ಮಾಸ್ಕ್ ಒಂದನ್ನೇ ನಂಬಿ ಕೋವಿಡ್ ವಾರ್ಡುಗಳಿಗೆ ಹೋದ ಹುಡುಗ ಹುಡುಗಿಯರು ನನಗೆ ಗೊತ್ತು. ಸೋಂಕು ತಗುಲಿ ತೀರಿಕೊಂಡವರೂ ಇದ್ದಾರೆ.

ನಿಮ್ಮ ಮನೆಯಲ್ಲಿ ಯಾವ ಚಾನೆಲ್ ನೋಡುತ್ತೀರಿ?

ನಾನು ಬೆಳಿಗ್ಗೆ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳುತ್ತೇನೆ, ಎರಡು ಪತ್ರಿಕೆ ಓದುತ್ತೇನೆ. ಮಳೆ, ಪ್ರವಾಹ, ಚುನಾವಣೆಯ ಎಣಿಕೆ ಇದ್ದರೆ ಟಿವಿ ಹಚ್ಚುತ್ತೇನೆ, ಆಗ ಅದರಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ.

ಅಮ್ಮ ಊರಲ್ಲಿದ್ದಾರೆ. ಅವರಿಗೆ ರಾತ್ರಿ ಒಂಬತ್ತರ ಸುದ್ದಿ ಬೇಕೇ ಬೇಕು, ನಾನು ಬೇಡ ಅನ್ನುವುದಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಕೆಲಸ ಹೇಳಿದೆ: ಒಂದು ತಿಂಗಳು ನಮ್ಮ ತಾಲ್ಲೂಕಿನ ಹೆಸರು ಎಷ್ಟು ಸಲ ಬರುತ್ತದೆ ನೋಡಿ, ಬಂದಾಗ ಬರೆದಿಡಿ. ಅಡುಗೆಮನೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿದ್ದರು. ಎರಡು ಸಲ ಬಂದಿತ್ತು. ಒಂದು ಲಾರಿ ಪಲ್ಟಿ, ಇನ್ನೊಂದು ಮನೆಗೆ ನುಗ್ಗಿದ ನಾಗರಹಾವು. ಆ ತಿಂಗಳು ನಮ್ಮ ಊರಿಗೆ ಕುಡಿಯುವ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು.